ನ್ಯಾಯಪೀಠವೂ ಧರ್ಮಪೀಠವೂ

ಯುವತಿಯೊಬ್ಬಳನ್ನು ತಂದೆತಾಯಿ ಆಕೆಯ ಇಚ್ಛೆಗೆ ವಿರುದ್ಧವಾಗಿ ಮನೆಯಲ್ಲಿ ಇರಿಸಿಕೊಂಡಿದ್ದಾರೆಂದು ಆಕೆಯ ಸಂಗಾತಿ ಕೇರಳ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಿದಳು. ಇಬ್ಬರೂ ಹೆಣ್ಣುಮಕ್ಕಳು. ಇಂತಹ ಅರ್ಜಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಪ್ರಾಯಕ್ಕೆ ಬಂದ ಈಕೆ ಎಲ್ಲಿರಲು ಬಯಸುತ್ತಾಳೆ? ಆದರೆ ನ್ಯಾಯಾಲಯವು ಆಕೆಯನ್ನು ಆಪ್ತಸಮಾಲೋಚನೆಗೆ ಕಳುಹಿಸಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಂಗ ಅಧಿಕಾರಿಯೊಬ್ಬರು ಪ್ರತ್ಯೇಕವಾಗಿ ವಿಚಾರಿಸಿದಾಗ, ತಂದೆತಾಯಿಯೊಡನೆಯೇ ಇರುವುದಾಗಿ ಆಕೆ ಹೇಳಿದಳು; ಅರ್ಜಿ ವಜಾ ಆಯಿತು. ಆದರೆ ಅಷ್ಟಕ್ಕೇ ನಿಲ್ಲಿಸದೆ, 2024ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯವು ಇತರ ನ್ಯಾಯಾಲಯಗಳಿಗೆ ಮಾರ್ಗಸೂಚಿಗಳನ್ನು ನೀಡಿತು. ಸಮಾಜದ ನೈತಿಕತೆಯಾಗಲಿ ನ್ಯಾಯಾಧೀಶರ ಸ್ವಂತ ಒಲವಾಗಲಿ ವಿಚಾರಣೆಯೊಳಗೆ ನುಸುಳಬಾರದು; ಲೈಂಗಿಕ ಒಲವನ್ನು ಬದಲಿಸುವುದಕ್ಕೆ ಆಪ್ತಸಮಾಲೋಚನೆಯನ್ನು ಸಾಧನ ಮಾಡಬಾರದು ಎಂಬುದು ಅವುಗಳ ತಿರುಳು.

ಸಲಿಂಗ ಪ್ರೇಮವನ್ನು ಪಾಪವೆಂದು ನಂಬುವ ಹಕ್ಕು ಯಾರಿಗೂ ಇದೆ. ಅದನ್ನು ಮಠದಲ್ಲಿ, ಮಸೀದಿಯಲ್ಲಿ, ಇಗರ್ಜಿಯಲ್ಲಿ ಬೋಧಿಸಲೂಬಹುದು. ಆದರೆ ಆ ನಂಬಿಕೆಯು ತೀರ್ಪಿಗೆ ಆಧಾರವಾಗಲಾರದು.

ದಂಡ ಸಂಹಿತೆಯ 377ನೆಯ ಕಲಮಿನ ಚರಿತ್ರೆಯನ್ನೇ ನೋಡೋಣ. 1860ರಲ್ಲಿ ಬ್ರಿಟಿಷರು ಬರೆದ ಕಲಮು ಅದು. ಪ್ರಾಯಸ್ಥರ ಪರಸ್ಪರ ಸಮ್ಮತಿಯ ಖಾಸಗಿ ಸಂಬಂಧಕ್ಕೆ ಅದು ಅನ್ವಯಿಸದೆಂದು 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಹೇಳಿತು. ಕೇಂದ್ರ ಸರಕಾರ ಮೇಲ್ಮನವಿ ಸಲ್ಲಿಸಲಿಲ್ಲ. ಸಲ್ಲಿಸಿದವರಲ್ಲಿ ಒಬ್ಬ ಜ್ಯೋತಿಷಿಯೂ ಹಲವು ಧಾರ್ಮಿಕ ಸಂಘಟನೆಗಳೂ ಇದ್ದರು! 2013ರಲ್ಲಿ ಆ ತೀರ್ಪು ರದ್ದಾಯಿತು. ಇಂಥವರು ಜನಸಂಖ್ಯೆಯ ಅತ್ಯಲ್ಪ ಅಂಶವೆಂಬುದೂ ಆಗ ಹೇಳಿದ ಕಾರಣಗಳಲ್ಲಿ ಒಂದು. ಕಾಸರಗೋಡಿನ ಕನ್ನಡಿಗರಾದ ನಾವು ಈ ಮಾತನ್ನು ಎರಡು ಬಾರಿ ಓದಬೇಕು. ನಮ್ಮ ಮಕ್ಕಳು ಕನ್ನಡದಲ್ಲಿ ಕಲಿಯುವುದು ಬಹುಸಂಖ್ಯಾತರ ಮನಸ್ಸಿಗೆ ಒಪ್ಪಿದ್ದರಿಂದಲೇ? ಸಂವಿಧಾನದ 30ನೆಯ ಮತ್ತು 350ಎ ಅನುಚ್ಛೇದಗಳನ್ನು ತೋರಿಸಿಯಲ್ಲವೇ ನಾವು ಹಕ್ಕು ಕೇಳುವುದು? ಎಣಿಕೆ ಕಡಿಮೆಯೆಂಬುದು ಹಕ್ಕನ್ನು ಕಸಿಯಲು ಕಾರಣವಾಗದೆಂದು 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠ ಒಮ್ಮತದಿಂದ ತಿದ್ದಿತು. ಅದು ಆಶ್ರಯಿಸಿದ್ದು ಸಾಂವಿಧಾನಿಕ ನೈತಿಕತೆಯನ್ನು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಒತ್ತಿ ಹೇಳಿದ್ದೂ ಅದನ್ನೇ.

ಪತ್ರಿಕೆಗಳ ಮಾತು ಬೇರೆಯಲ್ಲ. ತೀರ್ಪು ಹೊರಬಿದ್ದ ದಿನ ಎಲ್ಲ ಮತಗಳ ಗುರುಗಳ ಹೇಳಿಕೆಗಳನ್ನು ಸಾಲಾಗಿ ಮುದ್ರಿಸುವುದು ಒಂದು ರೂಢಿಯಾಗಿದೆ. ಜಮೀನು ವ್ಯಾಜ್ಯದ ತೀರ್ಪಿಗೆ ಯಾರೂ ಹಾಗೆ ಕೇಳಿಕೊಂಡು ಹೋಗುವುದಿಲ್ಲ. ಧಾರ್ಮಿಕ ಸಂಘಟನೆ ಸ್ವತಃ ಕಕ್ಷಿದಾರನಾಗಿದ್ದರೆ ಅದರ ವಾದವನ್ನು ಖಂಡಿತ ವರದಿ ಮಾಡಬೇಕು. ಇಲ್ಲದಿದ್ದಲ್ಲಿ ಅದು ತೀರ್ಪಿನ ಸುದ್ದಿಯ ಅಂಗವಲ್ಲ. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಸರ್ವೋಚ್ಚ ನ್ಯಾಯಾಲಯ ಮಾನ್ಯತೆ ನೀಡಲಿಲ್ಲ. ಅದನ್ನು ಧರ್ಮದ ಗೆಲುವೆಂದು ಕೊಂಡಾಡಿದವರುಂಟು. ಆದರೆ ತೀರ್ಪಿನಲ್ಲಿ ಆಧಾರವಾದದ್ದು ಶಾಸ್ತ್ರವಚನವಲ್ಲ; ವಿವಾಹವಾಗುವ ಮೂಲಭೂತ ಹಕ್ಕು ಸಂವಿಧಾನದಲ್ಲಿಲ್ಲ, 1954ರ ವಿಶೇಷ ವಿವಾಹ ಕಾಯಿದೆಯನ್ನು ಬದಲಿಸುವುದು ಶಾಸನ ಸಭೆಯ ಕೆಲಸ ಎಂಬ ನಿಲುವು. ಒಪ್ಪುವವರೂ ಒಪ್ಪದವರೂ ಚರ್ಚಿಸಬೇಕಾದದ್ದು ಈ ನಿಲುವನ್ನು. ವರದಿಯಲ್ಲಿ ಅದಕ್ಕೆ ಎರಡು ಸಾಲನ್ನೂ ಕೊಡದಿದ್ದರೆ ಓದುಗನು ಚರ್ಚಿಸುವುದಾದರೂ ಏನನ್ನು?