ಚಿತ್ರಪುಸ್ತಕ ಹಿಡಿದು ಮಗುವಿನ ಜೊತೆ ಕೂರುವುದು ಹೇಗೆ?

ಎರಡು ವರ್ಷದ ಕೂಸಿನ ಕೈಗೆ ಪುಸ್ತಕ ಕೊಟ್ಟರೆ ಮೊದಲು ಬಾಯಿಗಿಡುತ್ತದೆ, ಆಮೇಲೆ ಹರಿಯುತ್ತದೆ. ಅದಕ್ಕೇ ನಮ್ಮ ಕಡೆ ಪುಸ್ತಕವೆಂದರೆ ಮಕ್ಕಳ ಕೈಗೆ ಸಿಗದಂತೆ ಮೇಲಿಡುವ ವಸ್ತು. ಒಂದನೇ ತರಗತಿಗೆ ಹೆಸರು ಹಚ್ಚಿದ ಮೇಲೆ ಪಾಟಿ, ಅಂಕಲಿಪಿ, ಬ್ಯಾಗು ಎಲ್ಲವೂ ಒಂದೇ ದಿನ ಮನೆಗೆ ಬರುತ್ತವೆ. ಅಷ್ಟು ಹೊತ್ತಿಗೆ ಮಗುವಿಗೆ ಆರು ವರ್ಷ. ಅಲ್ಲಿಯ ತನಕ ಕಾಯಬೇಕಾಗಿಲ್ಲ ಎನ್ನುವುದನ್ನು ಹೇಳಲು ಈ ಲೇಖನ. ಅಮ್ಮನಿಗೋ ಅಜ್ಜನಿಗೋ ಓದು ಬಾರದಿದ್ದರೂ ಈ ಕೆಲಸ ನಡೆಯುತ್ತದೆ.

ಮೊದಲು ಚಿತ್ರಪುಸ್ತಕ ಎಂದರೆ ಏನು ನೋಡೋಣ. ಅದು ಅಂಕಲಿಪಿ ಅಲ್ಲ. ಅಂಕಲಿಪಿಯಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಚಿತ್ರ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಚಿತ್ರಪುಸ್ತಕದಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಕಥೆ. ಪುಟಕ್ಕೆ ಒಂದೆರಡು ಸಾಲು ಇರುತ್ತದೆ, ಉಳಿದದ್ದನ್ನು ಚಿತ್ರವೇ ಹೇಳುತ್ತದೆ. ಕೆಲವು ಪುಸ್ತಕಗಳಲ್ಲಿ ಒಂದು ಅಕ್ಷರವೂ ಇರುವುದಿಲ್ಲ. ಇವಕ್ಕೆ ವರ್ಡ್‌ಲೆಸ್ ಬುಕ್ ಎನ್ನುತ್ತಾರೆ, ಮಾತಿಲ್ಲದ ಪುಸ್ತಕ. ಓದು ಬಾರದ ಮನೆಗೆ ಇವು ಬಹಳ ಅನುಕೂಲ.

ಅಕ್ಷರ ಬಾರದ ವಯಸ್ಸಿನಲ್ಲಿ ಪುಸ್ತಕ ಏಕೆ? ನಮ್ಮ ಲಿಪಿಯ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ವರ್ಣಮಾಲೆಯಲ್ಲಿ 49 ಅಕ್ಷರ. ವ್ಯಂಜನಗಳೇ 34. ಒಂದೊಂದಕ್ಕೂ ಕಾಗುಣಿತ ಹಾಕುತ್ತ ಹೋದರೆ ರೂಪಗಳು ನಾನೂರು ದಾಟುತ್ತವೆ. ಆಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕನ್ನಡದ ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕು ಎಂದು ಅದು ತೋರಿಸಿತು. ಇದು ಮಕ್ಕಳ ದಡ್ಡತನವಲ್ಲ, ಲಿಪಿಯ ಸ್ವಭಾವ.

ಇಷ್ಟು ದೀರ್ಘ ಕಾಲ ತಿದ್ದಿ ತೀಡಬೇಕಾದ ಮಗುವಿಗೆ ಎರಡು ಬಂಡವಾಳ ಮೊದಲೇ ಬೇಕು. ಒಂದು, ಓದಿದ ಪದದ ಅರ್ಥ. ‘ಕೊಕ್ಕರೆ’ ಎಂದು ಕೂಡಿಸಿ ಓದಿದ ಮೇಲೂ ಕೊಕ್ಕರೆ ಎಂದರೆ ಏನೆಂದು ತಿಳಿಯದಿದ್ದರೆ ಆ ಓದು ಬಾಯಿಪಾಠ. ಇನ್ನೊಂದು, ಪುಸ್ತಕದಲ್ಲಿ ಏನೋ ಮಜಾ ಇದೆ ಎಂಬ ನಂಬಿಕೆ. ಇವೆರಡನ್ನೂ ಆರು ವರ್ಷಕ್ಕೆ ಮೊದಲೇ, ಮನೆಯಲ್ಲೇ ಕೂಡಿಡಬಹುದು. ಅಕ್ಷರ ಕಲಿಸುವುದು ಶಾಲೆಯ ಕೆಲಸ, ಅದನ್ನು ಅಕ್ಕೋರಿಗೆ ಬಿಡಿ.

ಈಗ ಮಾಡುವ ರೀತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಸಂಗಡಿಗರು 1988ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮಕ್ಕಳಿಗೆ ಎರಡರಿಂದ ಮೂರರ ಆಸುಪಾಸಿನ ವಯಸ್ಸು. ಅವರನ್ನು ಎರಡು ಗುಂಪು ಮಾಡಿದ್ದರು. ಎರಡೂ ಗುಂಪಿನ ತಂದೆತಾಯಿ ತಮ್ಮ ಮಕ್ಕಳಿಗೆ ಚಿತ್ರಪುಸ್ತಕ ಓದುತ್ತಿದ್ದರು. ಒಂದು ಗುಂಪಿಗೆ ಮಾತ್ರ, ಸುಮ್ಮನೆ ಓದಿಕೊಂಡು ಹೋಗಬೇಡಿ, ಪ್ರಶ್ನೆ ಕೇಳಿ, ಮಗು ಹೇಳಿದ್ದನ್ನು ಬೆಳೆಸಿ ಎಂದು ಕಲಿಸಿಕೊಟ್ಟಿದ್ದರು. ತಿಂಗಳೊಪ್ಪತ್ತಿನಲ್ಲಿ ಆ ಗುಂಪಿನ ಮಕ್ಕಳು ಮಾತಿನಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಈ ಪದ್ಧತಿಗೆ ಡೈಲಾಜಿಕ್ ರೀಡಿಂಗ್ ಎಂದು ಹೆಸರು. ಮಾತುಕತೆಯ ಓದು ಎಂದುಕೊಳ್ಳಿ. ಹೆಸರು ದೊಡ್ಡದು, ಮಾಡುವುದು ಇಷ್ಟೇ. ಆಯಿಯೊಬ್ಬಳು ಮೊಮ್ಮಗುವಿನ ಜೊತೆ ಚಿತ್ರ ನೋಡುತ್ತಿದ್ದಾಳೆ:

“ಇದೇನದ ತಮ್ಮಾ?”

“ಎಮ್ಮಿ.”

“ಹೌದು, ಎಮ್ಮಿ. ಎಲ್ಲಿ ಕುಂತದ?”

“ನೀರಾಗ.”

“ಹೌದ್ ನೋಡ್, ಕೆರಿ ನೀರಾಗ ಕುಂತದ. ಯಾಕ ಕುಂತಿರಬೇಕು?”

ಇಲ್ಲಿ ಮಗು ಸುಮ್ಮನಾಗುತ್ತದೆ. ಆಯಿಯೂ ಸುಮ್ಮನಿರಬೇಕು. ಮನಸ್ಸಿನಲ್ಲೇ ಐದರವರೆಗೆ ಎಣಿಸಲಿ.

“ಸೆಕಿ!”

“ಹ್ಞಾ, ಬಿಸಿಲಿಗೆ ಸೆಕಿ ಆಗ್ಯಾದ, ಅದಕ್ಕ ಎಮ್ಮಿ ಕೆರಿ ನೀರಾಗ ಕುಂತದ. ಈಗ ನೀ ಹೇಳು.”

ಇದರಲ್ಲಿ ನಾಲ್ಕು ಕೆಲಸ ನಡೆದಿವೆ. ಆಯಿ ಕೇಳಿದಳು. ಮಗು ಹೇಳಿದ್ದನ್ನು ಒಪ್ಪಿಕೊಂಡಳು. ಅದಕ್ಕೆ ಎರಡು ಮಾತು ಸೇರಿಸಿ ಬೆಳೆಸಿದಳು. ಬೆಳೆದ ಮಾತನ್ನು ಮಗುವಿನ ಬಾಯಿಂದ ಮತ್ತೆ ಹೇಳಿಸಿದಳು. ಬರೀ ‘ಎಮ್ಮಿ’ ಎಂದಿದ್ದ ಮಗು ಈಗ ಕಾರಣ ಕೊಟ್ಟು ಪೂರ್ತಿ ವಾಕ್ಯ ಆಡುತ್ತದೆ. ಪುಟದ ಮೇಲೆ ಏನು ಅಚ್ಚಾಗಿದೆ ಎಂಬುದನ್ನು ಇಲ್ಲಿ ಯಾರೂ ಓದಿಯೇ ಇಲ್ಲ ಎನ್ನುವುದನ್ನೂ ಗಮನಿಸಿ.

ಎಲ್ಲಕ್ಕಿಂತ ಕಷ್ಟದ್ದು ಆ ಐದು ಎಣಿಕೆಯ ಮೌನ. ದೊಡ್ಡವರಿಗೆ ತಡೆಯುವುದಿಲ್ಲ, ಉತ್ತರ ತಾವೇ ಹೇಳಿಬಿಡುತ್ತಾರೆ. ಇನ್ನೊಂದು ಚಟ ಪರೀಕ್ಷೆ ಮಾಡುವುದು. ಇದರ ಬಣ್ಣ ಯಾವುದು, ಕಾಲೆಷ್ಟು, ಇಂಗ್ಲಿಷಿನಲ್ಲಿ ಏನಂತಾರೆ? ಬಂದ ಬೀಗರ ಮುಂದೆ ಮಗುವನ್ನು ನಿಲ್ಲಿಸಿ ಕೇಳುವ ಪ್ರಶ್ನೆಗಳಿವು. ಒಂದೆರಡಾದರೆ ಚಿಂತೆಯಿಲ್ಲ. ಪುಟಪುಟಕ್ಕೂ ಇದೇ ಆದರೆ ಮಗು ಎದ್ದು ಹೋಗುತ್ತದೆ. ಹೋಗಲಿ ಬಿಡಿ. ಎಳೆದು ತಂದು ಕೂರಿಸಬೇಡಿ. ದಿನಕ್ಕೆ ಹತ್ತು ನಿಮಿಷ ಸಾಕು, ಐದಾದರೂ ನಡೆಯುತ್ತದೆ. ರೊಟ್ಟಿ ಬಡಿದು ಮುಗಿದ ಮೇಲೋ ಮಲಗುವ ಮುಂಚೆಯೋ, ದಿನವೂ ಒಂದೇ ಹೊತ್ತು ಇದ್ದರೆ ಮಗುವೇ ಪುಸ್ತಕ ತಂದುಕೊಡುತ್ತದೆ.

ವಯಸ್ಸಿಗೆ ತಕ್ಕಂತೆ ನಿರೀಕ್ಷೆ ಇರಲಿ. ವರ್ಷದ ಕೂಸು ಪುಟ ತಿರುವಿ ಚಿತ್ರ ಬಡಿದರೆ ಅದೇ ದೊಡ್ಡದು. ಎರಡಕ್ಕೆ ಹೆಸರು ಹೇಳುತ್ತದೆ. ಮೂರು ನಾಲ್ಕಕ್ಕೆ ‘ಮುಂದೇನಾಗ್ತದ?’ ಎಂದು ಕೇಳಬಹುದು. ಐದಕ್ಕೆ ‘ಹಿಂಗ ನಿನಗೂ ಆಗಿತ್ತಲ್ಲಾ, ಯಾವಾಗ?’ ಎಂದು ಅದರ ಬದುಕಿಗೆ ಜೋಡಿಸಿ. ಅದೇ ಪುಸ್ತಕ ಇಪ್ಪತ್ತು ಸಲ ಬೇಕೆಂದರೆ ಬೇಸರಿಸಬೇಡಿ. ದೊಡ್ಡವರಿಗೆ ಬೇಜಾರಾದ ಹೊತ್ತಿಗೆ ಮಗುವಿನ ಕಲಿಕೆ ಶುರುವಾಗಿರುತ್ತದೆ. ಪುಟ ಹರಿದರೆ ಸೆಲೊ ಟೇಪು ಹಚ್ಚಿ, ಮಗುವಿನ ಕೈಯಿಂದಲೇ ಹಚ್ಚಿಸಿ.

ಇನ್ನು ಭಾಷೆಯ ಪ್ರಶ್ನೆ. ಕಲಬುರಗಿ ಜಿಲ್ಲೆಯ ನಮ್ಮ ತಾಲ್ಲೂಕುಗಳಲ್ಲಿ ಬಹಳ ಮಂದಿ ಕೇಳುವುದು ಇದನ್ನೇ. ಚಿಂಚೋಳಿಯ ತಾಂಡಾದಲ್ಲಿ ಮನೆ ಮಾತು ಲಂಬಾಣಿ. ಸೇಡಂ, ಚಿಂಚೋಳಿಯ ಗಡಿ ಹಳ್ಳಿಗಳಲ್ಲಿ ತೆಲುಗು. ಶಹಾಬಾದ್, ವಾಡಿ, ಚಿತ್ತಾಪುರದ ಎಷ್ಟೋ ಮನೆಗಳಲ್ಲಿ ದಖ್ಖನಿ ಉರ್ದು. ಪುಸ್ತಕ ಕನ್ನಡದ್ದು, ಶಾಲೆ ಕನ್ನಡದ್ದು. ಮನೆ ಮಾತಿನಲ್ಲಿ ಕಥೆ ಹೇಳಿದರೆ ಮಗುವಿಗೆ ಗೊಂದಲವಾಗುವುದಿಲ್ಲವೇ?

ಆಗುವುದಿಲ್ಲ. ಚಿತ್ರಕ್ಕೆ ಭಾಷೆಯಿಲ್ಲ. ‘ಯಾಕೆ’, ‘ಆಮೇಲೆ’, ‘ಒಂದು ವೇಳೆ’ ಎಂಬ ಯೋಚನೆ ಮನೆ ಮಾತಿನಲ್ಲಿ ಗಟ್ಟಿಯಾದರೆ ಅದನ್ನೇ ಆಮೇಲೆ ಕನ್ನಡದಲ್ಲಿ ಆಡುವುದು ಸುಲಭ. ಲಂಬಾಣಿಯಲ್ಲೋ ಉರ್ದುವಿನಲ್ಲೋ ಮಾತಾಡಿ, ನಡುನಡುವೆ ಆ ವಸ್ತುವಿನ ಕನ್ನಡ ಹೆಸರನ್ನೂ ಸೇರಿಸಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಚಿಕ್ಕ ಮಕ್ಕಳ ಕಲಿಕೆ ಸಾಧ್ಯವಾದಲ್ಲೆಲ್ಲ ಮನೆ ಮಾತಿನಲ್ಲಿ ಇರಲಿ ಎಂದೇ ಹೇಳುತ್ತದೆ. ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವವರಿಗೂ ಇದೇ ಉತ್ತರ. ಅರ್ಧ ಬರುವ ಭಾಷೆಯಲ್ಲಿ ‘ಕೌ, ಕೌ’ ಎನ್ನಿಸುವುದಕ್ಕಿಂತ ಪೂರ್ತಿ ಬರುವ ಭಾಷೆಯಲ್ಲಿ ಹಸುವಿನ ಕಥೆ ಕಟ್ಟುವುದು ಮೇಲು.

ಮೊಬೈಲಿನಲ್ಲಿ ತೋರಿಸಿದರೆ ಆಗದೇ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡು ವರ್ಷದ ಒಳಗಿನ ಮಕ್ಕಳಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ. ಯೂಟ್ಯೂಬಿನ ಕಾರ್ಟೂನು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ, ಅದೇ ಅದರ ದೋಷ. ಫೋನು ನಿಮ್ಮ ಕೈಯಲ್ಲಿದ್ದು, ಒಂದೊಂದೇ ಪುಟ ನಿಲ್ಲಿಸಿ ಮಾತಾಡುವುದಾದರೆ ಅದೂ ಪುಸ್ತಕವೇ.

ಹಾಗೆ ನೋಡಲು ಸಾವಿರಾರು ಪುಸ್ತಕ ಪುಕ್ಕಟೆ ಸಿಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2004ರಲ್ಲಿ ಶುರುವಾಯಿತು. 2015ರಲ್ಲಿ ಅದು ಸ್ಟೋರಿವೀವರ್ ಎಂಬ ಜಾಲತಾಣ ತೆರೆಯಿತು. ಅಲ್ಲಿನ ಕಥೆಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದೆ. ಅಂದರೆ ಹಣ ಕೊಡದೆ ಓದಬಹುದು, ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು. ಫೋನಿನಲ್ಲಿ ಹೆಸರು ಹೊಡೆದು ಹುಡುಕಿ, ಭಾಷೆಯಲ್ಲಿ ಕನ್ನಡ ಆರಿಸಿ. ಪುಸ್ತಕಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ. ಚಿಕ್ಕವರಿಗೆ ಒಂದನೇ ಹಂತ. ಎಷ್ಟೋ ಕಥೆಗಳು ಅದೇ ಚಿತ್ರಗಳೊಂದಿಗೆ ತೆಲುಗು, ಉರ್ದು, ಮರಾಠಿಯಲ್ಲೂ ಇವೆ. ಅಪ್ಪ ಉರ್ದು ಓದುವವರು, ಮಗು ಹೋಗುವುದು ಕನ್ನಡ ಅಂಗನವಾಡಿಗೆ ಎಂದರೆ ಎರಡೂ ಭಾಷೆಯ ಪ್ರತಿ ಇಳಿಸಿಕೊಳ್ಳಿ. ಝೆರಾಕ್ಸ್ ಅಂಗಡಿಯಲ್ಲಿ ಕಪ್ಪುಬಿಳುಪು ಪ್ರಿಂಟು ತೆಗೆಸಿದರೆ ಪುಟಕ್ಕೆ ಕೆಲವೇ ರೂಪಾಯಿ. ಬಣ್ಣ ಮಗುವೇ ತುಂಬಲಿ.

ಕೊಳ್ಳುವುದಾದರೆ ತೆಳು ಚಿತ್ರಪುಸ್ತಕಗಳು ಸಾಮಾನ್ಯವಾಗಿ ನೂರು ರೂಪಾಯಿಯೊಳಗೆ ಬರುತ್ತವೆ. ಬೋರ್ಡ್ ಬುಕ್, ಎಂದರೆ ಕೂಸು ಕಚ್ಚಿದರೂ ತಾಳುವ ದಪ್ಪ ರಟ್ಟಿನ ಪುಸ್ತಕ, ಅದಕ್ಕಿಂತ ದುಬಾರಿ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರು ಬಾಲ ಪುಸ್ತಕಾಲಯ ಮಾಲೆ, ಪ್ರಥಮ್ ಬುಕ್ಸ್, ನವಕರ್ನಾಟಕ, ಚೆನ್ನೈನ ತೂಲಿಕಾ ಇವುಗಳ ಕನ್ನಡ ಪುಸ್ತಕ ಕೇಳಿ. ತೂಲಿಕಾದಲ್ಲಿ ಒಂದೇ ಪುಟದಲ್ಲಿ ಎರಡು ಭಾಷೆ ಇರುವ ಪುಸ್ತಕಗಳೂ ಇವೆ. ನಮ್ಮ ಊರುಗಳ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ನೋಟ್‌ಬುಕ್ಕು, ಗೈಡು, ಅಂಕಲಿಪಿ. ಕಲಬುರಗಿಗೆ ಹೋದಾಗ ಪುಸ್ತಕದಂಗಡಿಗಳಲ್ಲಿ ವಿಚಾರಿಸಿ, ಇಲ್ಲವೇ ಆನ್‌ಲೈನಿನಲ್ಲಿ ತರಿಸಿ. ಬಣ್ಣ ಕಣ್ಣಿಗೆ ಹೊಡೆಯುವ, ಕೊನೆಗೆ ‘ನೀತಿ’ ಅಂಟಿಸಿದ ಅಗ್ಗದ ಕಥೆಪುಸ್ತಕಗಳನ್ನು ನಾನು ಕೊಳ್ಳುವುದಿಲ್ಲ. ಮಗುವಿಗೆ ಕೇಳಲು ಅವುಗಳಲ್ಲಿ ಏನೂ ಉಳಿದಿರುವುದಿಲ್ಲ.

ಕಾಸಿಲ್ಲದ ದಾರಿಯೂ ಇದೆ. ಪ್ರತಿ ಮನೆಯಲ್ಲೂ ಹಳೆಯ ಲಗ್ನಪತ್ರಿಕೆಗಳಿರುತ್ತವೆ. ಅವುಗಳ ದಪ್ಪ ಕಾಗದವೇ ಪುಟ. ಬೇಳೆ ಪ್ಯಾಕೆಟ್ಟು, ಬಿಸ್ಕತ್ತಿನ ಕವರು, ಕ್ಯಾಲೆಂಡರಿನ ಚಿತ್ರ ಕತ್ತರಿಸಿ ಅಂಟಿಸಿ, ದಾರ ಹಾಕಿ ಹೊಲಿಯಿರಿ. ಮಗುವಿನದೇ ಒಂದು ಫೋಟೊ ಮೊದಲ ಪುಟದಲ್ಲಿರಲಿ. ನೆಲಕ್ಕೆ ಶಹಾಬಾದ್ ಪರಸಿ ಹಾಸಿದ ಮನೆಯಾದರೆ ಆ ನೆಲವೇ ದೊಡ್ಡ ಪಾಟಿ. ಸೀಮೆಸುಣ್ಣದಲ್ಲಿ ತೊಗರಿ ಹೊಲ, ವಾಡಿ ಜಂಕ್ಷನ್ನಿನ ರೈಲು, ಸಿಮೆಂಟಿನ ಲಾರಿ ಬರೆದು ಕಥೆ ಕಟ್ಟಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಮರುದಿನ ಹೊಸ ಪುಟ. ಅಪ್ಪ ಅವ್ವ ದುಡಿಯಲು ಹೈದರಾಬಾದಿಗೋ ಪುಣೆಗೋ ಹೋಗಿದ್ದರೆ, ಮಗುವಿನ ಕೈಯಲ್ಲಿರುವ ಪುಸ್ತಕದ ಫೋಟೊ ಅವರ ಫೋನಿಗೂ ಕಳಿಸಿ. ಅವರು ರಾತ್ರಿ ಕರೆ ಮಾಡಿದಾಗ ಅದೇ ಪುಟದ ಮಾತು ಮುಂದುವರಿಯಲಿ.

ಅಂಗನವಾಡಿಯನ್ನು ಬರೀ ಮೊಟ್ಟೆ, ಹಾಲಿನ ಕೇಂದ್ರ ಎಂದುಕೊಳ್ಳಬೇಡಿ. 1975ರಲ್ಲಿ ಶುರುವಾದ ಅಂಗನವಾಡಿ ಯೋಜನೆಯ ಆರು ಸೇವೆಗಳಲ್ಲಿ ಮೂರರಿಂದ ಆರು ವರ್ಷದವರ ಶಾಲಾಪೂರ್ವ ಶಿಕ್ಷಣವೂ ಒಂದು. ನಮ್ಮ ರಾಜ್ಯದ ‘ಚಿಲಿಪಿಲಿ’ ಪಠ್ಯಕ್ರಮದಲ್ಲಿ ಕಥೆ, ಹಾಡು, ಆಟಕ್ಕೆ ಜಾಗವಿದೆ. ಪುಸ್ತಕ ಇವೆಯೇ, ಮಕ್ಕಳ ಕೈಗೆ ಕೊಡುತ್ತೀರಾ ಎಂದು ಕಾರ್ಯಕರ್ತೆಯನ್ನು ಕೇಳಿ. ಹರಿದರೆ ಲೆಕ್ಕ ಕೊಡಬೇಕಲ್ಲ ಎಂಬ ಭಯಕ್ಕೆ ಬೀರುವಿನಲ್ಲೇ ಇಟ್ಟಿದ್ದರೆ, ಹರಿದದ್ದನ್ನು ನಾವು ಹಚ್ಚಿಕೊಡುತ್ತೇವೆ ಎಂದು ಪಾಲಕರು ಧೈರ್ಯ ಹೇಳಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1992ರಲ್ಲಿ ಬುಕ್‌ಸ್ಟಾರ್ಟ್ ಎಂಬ ಯೋಜನೆ ಶುರುವಾಯಿತು. ಕೂಸಿಗೇ ಪುಸ್ತಕ ಕೊಡುವುದು ಅದರ ಕೆಲಸ. ನಮ್ಮ ಅಂಗನವಾಡಿಯಲ್ಲೂ ಲಸಿಕೆ ದಿನ ಚುಚ್ಚುಮದ್ದಿನ ಜೊತೆ ಒಂದು ಪುಸ್ತಕ ಕೊಟ್ಟರೆ ಕೂಸು ಅಳುವುದಾದರೂ ಸ್ವಲ್ಪ ಕಡಿಮೆಯಾದೀತು.

ಕೊನೆಯದು ಗ್ರಂಥಾಲಯ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ, ಈಗ ಅದಕ್ಕೆ ಅರಿವು ಕೇಂದ್ರ ಎಂಬ ಹೆಸರು. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 2020ರಿಂದ ಆರರಿಂದ ಹದಿನೆಂಟು ವರ್ಷದವರಿಗೆ ಉಚಿತ ಸದಸ್ಯತ್ವ ಕೊಡುತ್ತಿದ್ದಾರೆ. ನಿಮ್ಮ ಮಗುವಿಗೆ ಮೂರೇ ವರ್ಷವಾದರೆ ಅಕ್ಕನ ಅಥವಾ ಅಣ್ಣನ ಹೆಸರಿನಲ್ಲಿ ಪುಸ್ತಕ ತನ್ನಿ. ಪಟ್ಟಣದವರು ಸಾರ್ವಜನಿಕ ಗ್ರಂಥಾಲಯದ ಶಾಖೆಯಲ್ಲಿ ವಿಚಾರಿಸಿ. ಇದರಲ್ಲಿ ಸಂಕೋಚವೇನೂ ಬೇಡ, 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನೀವು ಕಟ್ಟುವ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೀರಿ.

ಅಲ್ಲಿ ಚಿಕ್ಕವರ ಪುಸ್ತಕ ಇಲ್ಲದಿದ್ದರೆ ಪಿಡಿಒ ಅವರಿಗೆ ಅರ್ಜಿ ಕೊಡಿ, ಗ್ರಾಮಸಭೆಯಲ್ಲೂ ಎತ್ತಿ. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಯ ಮಕ್ಕಳೇ ತಮ್ಮ ತಮ್ಮಂದಿರು, ತಂಗಿಯರಿಗಾಗಿ ಕೇಳಬಹುದು. ಅರ್ಜಿಯಲ್ಲಿ ‘ಮಕ್ಕಳ ಪುಸ್ತಕ ಬೇಕು’ ಎಂದಷ್ಟೇ ಬರೆದರೆ ಸಾಮಾನ್ಯಜ್ಞಾನ, ಪ್ರಬಂಧದ ಪುಸ್ತಕ ಬಂದು ಕೂರುತ್ತವೆ. ‘ಮೂರರಿಂದ ಆರು ವರ್ಷದ ಮಕ್ಕಳಿಗೆ ಕನ್ನಡ ಚಿತ್ರಪುಸ್ತಕ’ ಎಂದು ಬಿಡಿಸಿ ಬರೆಯಿರಿ, ಬೇಕಾದ ಪುಸ್ತಕಗಳ ಹೆಸರನ್ನೂ ಕೆಳಗೆ ಹಾಕಿ, ಅರ್ಜಿ ಮುಟ್ಟಿದ್ದಕ್ಕೆ ಸ್ವೀಕೃತಿ ಪಡೆದುಕೊಳ್ಳಿ.