ಹನ್ನೆರಡು ಜಿಬಿಯ ಹಳತು, ಎಂಟು ಜಿಬಿಯ ಹೊಸತು

ಕೊರೋನಾ ಕಾಲಕ್ಕೆ ಬೆಂಗಳೂರಿನಿಂದ ಊರಿಗೆ ಬಂದ ಹುಡುಗರಲ್ಲಿ ಕೆಲವರು ತಿರುಗಿ ಹೋಗಲೇ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳ್ಳಿಮನೆಗಳ ಮೆತ್ತಿನ ಮೇಲೆ ಈಗ ಕಂಪ್ಯೂಟರುಗಳು ಗುಂಯ್‌ಗುಡುತ್ತವೆ. ಒಬ್ಬ ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ, ಇನ್ನೊಬ್ಬ ಯಕ್ಷಗಾನದ ನೇರಪ್ರಸಾರಕ್ಕೆ ಓಡಾಡುತ್ತಾನೆ. ಹಗಲು ಕಂಪನಿ ಕೆಲಸ, ರಾತ್ರಿ ಗೇಮ್ ಎನ್ನುವವರಂತೂ ಇದ್ದೇ ಇದ್ದಾರೆ. ಕೈಯಲ್ಲಿ ಮಧ್ಯಮ ಮಟ್ಟದ ದುಡ್ಡು ಹಿಡಿದು ಗ್ರಾಫಿಕ್ಸ್ ಕಾರ್ಡ್ ಹುಡುಕುವಾಗ ಇವರೆಲ್ಲರ ಮುಂದೆ ಬಂದು ನಿಲ್ಲುವ ಜೋಡಿ ಒಂದಿದೆ: ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060 ಮತ್ತು 4060. ಮೊದಲನೆಯದು 2021ರ ಫೆಬ್ರವರಿಯಲ್ಲಿ ಬಂತು, ಎರಡನೆಯದು 2023ರ ಜೂನ್‌ನಲ್ಲಿ.

ನಂಬರು ದೊಡ್ಡದು, ಆದ್ದರಿಂದ ಹೊಸತೇ ಎಲ್ಲದರಲ್ಲೂ ಮುಂದಿರಬೇಕು ಎಂದುಕೊಂಡು ಇವುಗಳ ವಿವರ ಓದಿದರೆ ತಲೆ ಕೆಡುತ್ತದೆ. ಹಳೆಯದರಲ್ಲಿ 3584 ಕೋರ್, ಹೊಸದರಲ್ಲಿ 3072. ಮೆಮೊರಿ ಹಳೆಯದಕ್ಕೆ 12 ಜಿಬಿ, ಹೊಸದಕ್ಕೆ 8. ಆ ಮೆಮೊರಿಯಿಂದ ಚಿಪ್ಪಿಗೆ ಸೆಕೆಂಡಿಗೆ ಹರಿದು ಬರುವ ಮಾಹಿತಿ ಹಳೆಯದರಲ್ಲಿ 360 ಜಿಬಿ, ಹೊಸದರಲ್ಲಿ 272. ಹಾಗಾದರೆ ಹೊಸದು ಎಂದು ಮಾರುವುದು ಏನನ್ನು?

ವೇಗವನ್ನು. ಕೋರ್ ಎಂದರೆ ಒಬ್ಬ ಪುಟ್ಟ ಲೆಕ್ಕಿಗ. ಗಡಿಯಾರದ ಒಂದು ಮಿಡಿತಕ್ಕೆ ಒಂದು ಗುಣಾಕಾರ, ಒಂದು ಸಂಕಲನ, ಒಟ್ಟು ಎರಡು ಲೆಕ್ಕ ಮುಗಿಸಬಲ್ಲವನು. 3060ರ ಗಡಿಯಾರ ಸೆಕೆಂಡಿಗೆ ಸುಮಾರು 178 ಕೋಟಿ ಸಲ ಮಿಡಿದರೆ 4060ರದು 246 ಕೋಟಿ ಸಲ. ಕೋರ್, ಮಿಡಿತ, ಎರಡು ಲೆಕ್ಕ, ಈ ಮೂರನ್ನೂ ಗುಣಿಸಿದರೆ ಹಳೆಯದು ಸೆಕೆಂಡಿಗೆ 12.7 ಲಕ್ಷ ಕೋಟಿ ಲೆಕ್ಕ ಮಾಡುತ್ತದೆ, ಹೊಸದು 15.1 ಲಕ್ಷ ಕೋಟಿ. ಜಾಹೀರಾತಿನಲ್ಲಿ ಟೆರಾಫ್ಲಾಪ್ಸ್ ಎಂದು ಕಾಣುವುದು ಇದೇ. ಬೇರೆ ಬೇರೆ ತಲೆಮಾರಿನ ಕಾರ್ಡುಗಳ ಕೋರ್ ಎಣಿಸಿ ಹೋಲಿಸುವುದು ಶಿರಸಿಯ ಟಿಎಸ್‌ಎಸ್ ಸಹಕಾರಿ ಸಂಘದ ಅಂಗಳದಲ್ಲಿ ಬೇಯಿಸಿ ಒಣಗಿಸಿದ ರಾಶಿ ಅಡಿಕೆಯ ಚೀಲವನ್ನೂ ಬೇಯಿಸದೆ ಒಣಗಿಸಿದ ಚಾಲಿ ಅಡಿಕೆಯ ಚೀಲವನ್ನೂ ಒಟ್ಟಿಗೆ ಎಣಿಸಿ ದರ ಕಟ್ಟಿದ ಹಾಗೆ.

ಮೆಮೊರಿಯ ದಾರಿ ಕಿರಿದಾದದ್ದಕ್ಕೂ ಕಂಪನಿಯ ಬಳಿ ಉತ್ತರವಿದೆ. ಚಿಪ್ಪಿನ ಒಳಗೇ ಇರುವ ಕ್ಯಾಶ್ ಎಂಬ ಚಿಕ್ಕ ಉಗ್ರಾಣವನ್ನು 3 ಎಂಬಿಯಿಂದ 24 ಎಂಬಿಗೆ ಹಿಗ್ಗಿಸಿದ್ದಾರೆ. ಬೇಕಾದದ್ದು ಒಳಗೇ ಸಿಕ್ಕರೆ ಹೊರಗೆ ಹೋಗುವ ಸಂದರ್ಭ ಕಡಿಮೆ. ಗೇಮ್‌ಗಳಲ್ಲಿ ಈ ಯುಕ್ತಿ ಚೆನ್ನಾಗಿಯೇ ನಡೆಯುತ್ತದೆ. ಸಾಮಾನ್ಯ ಫುಲ್ ಎಚ್‌ಡಿ ಪರದೆಯ ಮೇಲೆ 4060 ಸುಮಾರು ಶೇಕಡಾ 15ರಿಂದ 20ರಷ್ಟು ಮುಂದೆ.

ಆದರೆ ಗೇಮ್‌ನ ಅಂಕಿಗಳನ್ನು ನಂಬುವ ಮೊದಲು ಅವು ಎಂಥ ಅಂಕಿಗಳೆಂದು ಕೇಳಬೇಕು. ಸೆಕೆಂಡಿಗೆ 60 ಚಿತ್ರ ಎಂದರೆ ಒಂದೊಂದು ಚಿತ್ರಕ್ಕೆ ಸರಾಸರಿ 16.7 ಮಿಲಿಸೆಕೆಂಡ್. ಒಂದು ಕಾರ್ಡು ಅರವತ್ತನ್ನೂ ಸಮಾನ ಅಂತರದಲ್ಲಿ ಕೊಟ್ಟಿತು. ಇನ್ನೊಂದು 59 ಚಿತ್ರಗಳನ್ನು 900 ಮಿಲಿಸೆಕೆಂಡಿನಲ್ಲಿ ಮುಗಿಸಿ, ಕೊನೆಯ ಒಂದಕ್ಕೆ ನೂರು ತೆಗೆದುಕೊಂಡಿತು. ಎರಡರ ಸರಾಸರಿಯೂ 60. ಎರಡನೆಯದರಲ್ಲಿ ಮಾತ್ರ ಆಟ ತಟಕ್ಕನೆ ಎಡವುತ್ತದೆ, ಅಷ್ಟರಲ್ಲಿ ಎದುರಾಳಿ ಗುಂಡು ಹೊಡೆದಿರುತ್ತಾನೆ. ಒಳ್ಳೆಯ ಪರೀಕ್ಷಕರು ಸರಾಸರಿಯ ಜೊತೆಗೆ ಅತಿ ನಿಧಾನವಾದ ಶೇಕಡಾ ಒಂದರಷ್ಟು ಚಿತ್ರಗಳ ವೇಗವನ್ನೂ ಕೊಡುವುದು ಇದಕ್ಕೇ. 4060ರಲ್ಲಿ ಎರಡು ಚಿತ್ರಗಳ ನಡುವೆ ಊಹೆಯ ಚಿತ್ರವೊಂದನ್ನು ತುರುಕುವ ಸೌಲಭ್ಯವೂ ಇದೆ. ನೋಡಲು ನುಣುಪು, ಆದರೆ ಕೈಗೆ ಸಿಗುವ ಸ್ಪಂದನ ಚುರುಕಾಗುವುದಿಲ್ಲ. ಆ ಚಿತ್ರಗಳನ್ನೂ ಸೇರಿಸಿ ಎಣಿಸಿದ ಗ್ರಾಫಿನ ಎತ್ತರದ ಕಂಬಗಳನ್ನು ಕಂಡಾಗ ನಾನಂತೂ ಪುಟ ತಿರುಗಿಸುತ್ತೇನೆ.

ಪರೀಕ್ಷೆಯಲ್ಲಿ ಕಳ್ಳಾಟ ನಡೆದ ಚರಿತ್ರೆಯೂ ಇದೆ. 2001ರಲ್ಲಿ ಎಟಿಐ ಕಂಪನಿಯ ಕಾರ್ಡಿನಲ್ಲಿ ‘ಕ್ವೇಕ್ 3’ ಗೇಮ್ ಓಡಿಸುತ್ತಿದ್ದವರು ಅದರ ಫೈಲಿನ ಹೆಸರನ್ನು ‘ಕ್ವ್ಯಾಕ್’ ಎಂದು ಬದಲಿಸಿ ನೋಡಿದರು. ವೇಗ ಇಳಿಯಿತು, ಚಿತ್ರ ಮಾತ್ರ ಸ್ಪಷ್ಟವಾಯಿತು! ಹೆಸರು ಗುರುತಿಸಿದೊಡನೆ ಗುಣಮಟ್ಟ ಕಡಿತ ಮಾಡಿ ವೇಗ ತೋರಿಸುವ ಏರ್ಪಾಡು ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶದೊಳಗಿತ್ತು. ಎರಡು ವರ್ಷದಲ್ಲಿ ಎನ್‌ವಿಡಿಯಾ ಮೇಲೂ ‘3ಡಿಮಾರ್ಕ್ 03’ ಪರೀಕ್ಷೆಯ ವಿಚಾರದಲ್ಲಿ ಅಂಥದೇ ಆರೋಪ ಬಂತು.

ಇನ್ನು ಯಕ್ಷಗಾನದ ನೇರಪ್ರಸಾರ. ವಿಡಿಯೊ ಕುಗ್ಗಿಸುವ ತಂತ್ರದ ಗುಟ್ಟು ಹಿಂದಿನ ಚಿತ್ರಕ್ಕಿಂತ ಬದಲಾದ ಭಾಗವನ್ನಷ್ಟೇ ಕಳಿಸುವುದು. ಭಾಗವತರು ಕುಳಿತಲ್ಲೇ ಇರುತ್ತಾರೆ, ಹಿಂದಿನ ಪರದೆ ಅಲುಗುವುದಿಲ್ಲ. ಅಲ್ಲಿ ಕಳಿಸುವುದು ಏನೂ ಇಲ್ಲ. ಅಭಿಮನ್ಯು ಮಂಡಿಯ ಮೇಲೆ ಗಿರಗಿರ ತಿರುಗತೊಡಗಿದಾಗ ಕಷ್ಟ ಶುರು. ಒಡವೆಯ ಮಿಂಚು, ಬಟ್ಟೆಯ ಚೌಕುಳಿ ಎಲ್ಲ ಒಟ್ಟಿಗೆ ಜಾಗ ಬದಲಿಸುತ್ತವೆ, ಹಳ್ಳಿಯ ದುರ್ಬಲ ಇಂಟರ್‌ನೆಟ್ಟಿನಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಕಾರ್ಡಿಗೆ ಒಪ್ಪಿಸಿದರೆ ಈ ಕುಗ್ಗಿಸುವ ಕೆಲಸವನ್ನು ಮಾಡುವುದು ಆ ಸಾವಿರಾರು ಕೋರ್‌ಗಳಲ್ಲ; ಚಿಪ್ಪಿನ ಮೂಲೆಯಲ್ಲಿ ಅದಕ್ಕೆಂದೇ ಇಟ್ಟ ಎನ್‌ಕೋಡರ್ ಎಂಬ ಪ್ರತ್ಯೇಕ ಭಾಗ. 3060ರ ಎನ್‌ಕೋಡರ್‌ಗೆ ಹಳೆಯ ಎಚ್.264, ಎಚ್.265 ವಿಧಾನಗಳು ಗೊತ್ತು. 4060ಕ್ಕೆ ಅವುಗಳ ಜೊತೆಗೆ ಎವಿ1 ಕೂಡ ಗೊತ್ತು, ಅದು ಎಚ್.264ಗಿಂತ ಕಡಿಮೆ ಡೇಟಾದಲ್ಲಿ ಅದೇ ಗುಣಮಟ್ಟ ಕೊಡುತ್ತದೆ. 2023ರಿಂದ ಯೂಟ್ಯೂಬ್ ನೇರಪ್ರಸಾರಕ್ಕೂ ಅದನ್ನು ಬಳಸಬಹುದು. ರಾತ್ರಿಯಿಡೀ ಯಕ್ಷಗಾನ ಕಳಿಸುವವನಿಗೆ ಬೇಕಾದದ್ದು 4060, ಟೆರಾಫ್ಲಾಪ್ಸ್ ಎಷ್ಟೇ ಇರಲಿ.

ಮನೆಯಲ್ಲೇ ಎಐ ಭಾಷಾ ಮಾದರಿ ಓಡಿಸಿ ನೋಡುವ ಎಂಜಿನಿಯರಿಂಗ್ ವಿದ್ಯಾರ್ಥಿನಿಗೆ ಲೆಕ್ಕ ತಿರುಗುಮುರುಗು. 800 ಕೋಟಿ ಅಂಕಿಗಳ ಮಾದರಿಯೊಂದನ್ನು ಅಂಕಿಗೊಂದು ಬೈಟ್‌ನಂತೆ ಇಟ್ಟರೆ ಅದಕ್ಕೇ 8 ಜಿಬಿ ಬೇಕು. 12 ಜಿಬಿಯಲ್ಲಿ ಅದು ಆರಾಮವಾಗಿ ಕೂರುತ್ತದೆ, ಎಂಟರಲ್ಲಿ ಕೂರುವುದಿಲ್ಲ. ಉಳಿದದ್ದು ಕಂಪ್ಯೂಟರಿನ ರ‍್ಯಾಮ್‌ಗೆ ಹೋಗಿ, ಬೇಕೆಂದಾಗಲೆಲ್ಲ ಮದರ್‌ಬೋರ್ಡಿನ ಸ್ಲಾಟ್ ಮೂಲಕ ಬರಬೇಕು. 4060ರ ಆ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 16 ಜಿಬಿ, ಹಳೆಯ ಮದರ್‌ಬೋರ್ಡ್ ಆದರೆ ಅದರ ಅರ್ಧ. 272 ಎಲ್ಲಿ, 8 ಎಲ್ಲಿ! ಮಾದರಿಯನ್ನು 4 ಜಿಬಿಗೆ ಕುಗ್ಗಿಸಿ ಎರಡರಲ್ಲೂ ಹಿಡಿಸಿದರೂ ಹಳೆಯದೇ ಮುಂದೆ. ಏಕೆಂದರೆ ಉತ್ತರದ ಒಂದೊಂದು ತುಣುಕಿಗೂ ಇಡೀ ಮಾದರಿಯನ್ನು ಮೆಮೊರಿಯಿಂದ ಒಮ್ಮೆ ಓದಬೇಕು: 360 ಭಾಗ 4, ಸೆಕೆಂಡಿಗೆ ಹೆಚ್ಚೆಂದರೆ 90 ತುಣುಕು; 272 ಭಾಗ 4, ಬರೇ 68. ಲೆಕ್ಕಿಗರು ಎಷ್ಟು ಚುರುಕಿದ್ದರೇನು, ಕಡತ ಬರುವವರೆಗೆ ಕಾಯುತ್ತ ಕೂರಬೇಕು.

ಮಳೆಗಾಲದ ವಿಷಯ ಬೇರೆಯೇ. ಕೊಡಸಳ್ಳಿ ಜಲವಿದ್ಯುತ್ ಅಣೆಕಟ್ಟು ಯಲ್ಲಾಪುರ ತಾಲ್ಲೂಕಿನಲ್ಲೇ ಇದ್ದರೂ, ಜೋಗ ಸಿದ್ದಾಪುರದ ಗಡಿಯಲ್ಲೇ ಧುಮುಕಿದರೂ, ತಂತಿಯ ಮೇಲೆ ಮರ ಬಿದ್ದರೆ ಕತ್ತಲೆಯೇ; ಆಗ ಯುಪಿಎಸ್ಸಿನ ಬ್ಯಾಟರಿಯೇ ಗತಿ. ಪೂರ್ತಿ ಕೆಲಸದಲ್ಲಿದ್ದಾಗ 3060 ಎಳೆಯುವುದು 170 ವ್ಯಾಟ್, 4060 ಎಳೆಯುವುದು 115. ಅಂಗಡಿಯಲ್ಲಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ ತಾಳುವುದು. ಪ್ರೊಸೆಸರ್, ಮಾನಿಟರ್ ಎಲ್ಲ ಅದರಲ್ಲೇ ಆಗಬೇಕು. ಆ 55 ವ್ಯಾಟ್ ಅಂತರ ಬೆಂಗಳೂರಿನ ಪರೀಕ್ಷಕನಿಗೆ ಅಡಿಟಿಪ್ಪಣಿ. ಇಲ್ಲಿ ಅದು ಫೈಲ್ ಉಳಿಸಿ ಮೆಷಿನ್ ಬಂದ್ ಮಾಡಲು ಸಿಗುವ ಸಮಯ.

ಎಲ್ಲ ತೂಗಿ ನೋಡಿ 3060 ಎಂದು ನಿಶ್ಚಯಿಸಿದವರು ದುಡ್ಡು ಕೊಡುವ ಮೊದಲು ಡಬ್ಬಿಯ ಮೇಲೆ 12 ಜಿಬಿ ಎಂದಿದೆಯೇ ನೋಡಿಕೊಳ್ಳಬೇಕು. 2022ರಲ್ಲಿ ಅದೇ ಹೆಸರಿನಲ್ಲಿ 8 ಜಿಬಿಯ ಇನ್ನೊಂದು ಕಾರ್ಡ್ ಬಂತು. ಅದರ ಮೆಮೊರಿಯ ಹರಿವು ಸೆಕೆಂಡಿಗೆ 240 ಜಿಬಿ, 4060ಕ್ಕಿಂತಲೂ ಕಡಿಮೆ.