ತೇಪೆ ಹಾಕುವವರು ಯಾರು?

ಬ್ರೌಸರಿನಲ್ಲಿ ವಿಳಾಸ ಒತ್ತಿದಾಗ ಆ ಕಡೆ ಕೂತು ಪುಟ ಹುಡುಕಿ ಕಳಿಸುವ ತಂತ್ರಾಂಶವೇ ವೆಬ್ ಸರ್ವರ್. ಅವುಗಳಲ್ಲಿ ಬಹುಕಾಲ ಹಿರಿಯಣ್ಣನಂತಿದ್ದದ್ದು ಅಪಾಚೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಹಳೆಯ ಸರ್ವರೊಂದನ್ನು ನೋಡಿಕೊಳ್ಳುವವರಿಲ್ಲದೆ ಹೋದಾಗ, ಅದನ್ನು ಬಳಸುತ್ತಿದ್ದವರೇ ಈಮೇಲ್‌ನಲ್ಲಿ ತಿದ್ದುಪಡಿಯ ತೇಪೆಗಳನ್ನು, ಅಂದರೆ ಪ್ಯಾಚ್‌ಗಳನ್ನು, ಹಂಚಿಕೊಳ್ಳತೊಡಗಿದರು. 1995ರಲ್ಲಿ ಆ ತೇಪೆಗಳೆಲ್ಲ ಸೇರಿ ಅಪಾಚೆಯಾಯಿತು. ಹೆಸರಿನಲ್ಲೇ ‘ತೇಪೆ’ ಎಂಬ ಇಂಗ್ಲಿಷ್ ಶ್ಲೇಷೆ ಇದೆಯೆಂಬ ಮಾತೂ ಹಬ್ಬಿತು.

1998ರಲ್ಲಿ ಬಂದ 1.3 ಆವೃತ್ತಿ ಜಗತ್ತಿನ ಉದ್ದಗಲಕ್ಕೂ ಬೇರೂರಿತು. 2002ರ ಏಪ್ರಿಲ್‌ನಲ್ಲಿ 2.0 ಬಂತು. ಹೊಸದು ಬಂದ ಮೇಲೆ ಹಳೆಯದನ್ನು ಬಿಡಬೇಕಲ್ಲ? ಜನ ಬಿಡಲಿಲ್ಲ. 1.3ರ ಕೊನೆಯ ಬಿಡುಗಡೆ ಆದದ್ದು 2010ರ ಫೆಬ್ರವರಿಯಲ್ಲಿ! ಇದನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ.

1.3ರ ಕ್ರಮ ಅದ್ದೂರಿಯದು. ಬಂದ ಒಬ್ಬೊಬ್ಬ ಅತಿಥಿಗೂ ಬೇರೆ ಒಲೆ, ಬೇರೆ ಅಡುಗೆಯವ, ಬೇರೆ ಒಗ್ಗರಣೆ ಡಬ್ಬಿ. ಒಬ್ಬನ ಸಾರು ಉಕ್ಕಿ ಚೆಲ್ಲಿದರೂ ಪಕ್ಕದವನ ಊಟಕ್ಕೆ ಧಕ್ಕೆಯಿಲ್ಲ. ಆದರೆ ನೂರು ಮಂದಿ ಬಂದರೆ ನೂರು ಒಲೆ ಹೂಡಬೇಕು, ಕಂಪ್ಯೂಟರಿನ ಮೆಮೊರಿ ತುಂಬಿಹೋಗುತ್ತದೆ. 2.0 ಇನ್ನೊಂದು ದಾರಿ ತೆರೆಯಿತು: ಒಂದೇ ಅಡುಗೆಮನೆಯಲ್ಲಿ ಹಲವು ಕೈಗಳು. ಈ ಕೈಗಳಿಗೆ ಥ್ರೆಡ್ ಎಂದು ಹೆಸರು. ಉಳಿತಾಯವೇನೋ ಆಯಿತು, ಆದರೆ ಒಗ್ಗರಣೆ ಡಬ್ಬಿ ಈಗ ಒಂದೇ. ಇಬ್ಬರು ಒಟ್ಟಿಗೆ ಕೈ ಹಾಕಿದರೆ ಸಾಸಿವೆ ಯಾರ ಬಾಣಲೆಗೆ ಬಿದ್ದೀತು? ವೆಬ್ ಪುಟಗಳನ್ನು ಕಟ್ಟುವ ಪಿಎಚ್‌ಪಿ ಭಾಷೆ ನೆಚ್ಚಿಕೊಂಡಿದ್ದ ಎಷ್ಟೋ ಲೈಬ್ರರಿಗಳು ಈ ನೂಕುನುಗ್ಗಲಿಗೆ ತಯಾರಾಗಿರಲಿಲ್ಲ. ಥ್ರೆಡ್ ಬಳಸುವ ಅಪಾಚೆ 2ರ ಜೊತೆ ಬೇಡವೆಂದು ಪಿಎಚ್‌ಪಿ ಕೈಪಿಡಿಯೇ ಎಚ್ಚರಿಸುತ್ತಿತ್ತು. 2.0ರಲ್ಲಿ ಹಳೆಯ ಕ್ರಮವನ್ನೇ ಇಟ್ಟುಕೊಳ್ಳಲು ಅವಕಾಶವಿತ್ತು, ನಿಜ. ಹಳೆಯ ಹಾಗೇ ನಡೆಸುವುದಾದರೆ ಹೊಸದಕ್ಕೆ ಹೋಗುವುದೇಕೆ ಎಂದು ಕೇಳಿದವರಿಗೆ ಏನು ಹೇಳುವುದು?

ಸರ್ವರಿಗೆ ಜೋಡಿಸುವ ಬಿಡಿಭಾಗಗಳಾದ ಮಾಡ್ಯೂಲ್‌ಗಳದು ಇನ್ನೊಂದು ತೊಡಕು. 1.3ಕ್ಕೆ ಬರೆದವು 2.0ಕ್ಕೆ ಕೂರುತ್ತಿರಲಿಲ್ಲ. ಪರ್ಲ್ ಭಾಷೆಯನ್ನು ಜೋಡಿಸುವ ಮಾಡ್‌ಪರ್ಲ್ ಹೊಸ ಸರ್ವರಿಗೆ ಸಿದ್ಧವಾಗುವಾಗ 2005 ಬಂದಿತ್ತು.

ಕನ್ನಡಿಗರಿಗೆ ತಟ್ಟುವಂಥ ಒಂದು ಸಂಗತಿಯೂ ಇದರಲ್ಲಿದೆ. 2.0ರ ಮೊದಮೊದಲ ಬಿಡುಗಡೆಗಳ ಜೊತೆ ಬಂದ ಮಾದರಿ ಕಾನ್ಫಿಗ್ ಕಡತದಲ್ಲಿ, ಲಿಪಿ ಯಾವುದೆಂದು ಹೇಳದ ಪುಟಗಳನ್ನೆಲ್ಲ ಪಶ್ಚಿಮ ಯುರೋಪಿನ ಲಿಪಿಯವೆಂದು ಸಾರುವ ಒಂದು ಸಾಲು ಇತ್ತು. ಪುಟದೊಳಗೆ ನೀವು, ಕನ್ನಡವನ್ನೂ ಒಳಗೊಳ್ಳುವ ಸಂಕೇತಕ್ರಮವಾದ ಯುಟಿಎಫ್-8 ಎಂದು ಬರೆದಿದ್ದರೂ ಬ್ರೌಸರ್ ನಂಬುವುದು ಸರ್ವರಿನ ಮಾತನ್ನೇ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಹಾಗಾಗಿ ಒಂದು ‘ಕ’ ಇರಬೇಕಾದ ಕಡೆ ತಲೆಯ ಮೇಲೆ ಓರೆಗೀಟು ಹೊತ್ತ ರೋಮನ್ ‘ಎ’, ಪಕ್ಕದಲ್ಲಿ ಚಿಕ್ಕದೊಂದು ಎರಡು, ಆಮೇಲೊಂದು ಕಪ್ಪು ಚುಕ್ಕೆ. ಇಡೀ ಲೇಖನ ಇದೇ ವೇಷದಲ್ಲಿ! ತಪ್ಪು ಫಾಂಟಿನದೆಂದು ಹುಡುಕುವವನಿಗೆ ಉತ್ತರ ಸಿಗುವುದೇ ಇಲ್ಲ. ಆ ಸಾಲನ್ನು ಮುಂದೆ ತೆಗೆದುಹಾಕಿದರು.

ಹಾಗೆಂದು ಹಳೆಯದನ್ನೇ ಹಿಡಿದು ಕೂರಬೇಕೆ? ಎರಡೂ ಕಡೆಯ ಅಪಾಯ ನೋಡಲು 2021ಕ್ಕೆ ಬನ್ನಿ. ಆ ಸೆಪ್ಟೆಂಬರಿನಲ್ಲಿ ಬಂದ ಅಪಾಚೆ 2.4.49ರಲ್ಲಿ ಕಡತದ ದಾರಿಯನ್ನು ಪರಿಶೀಲಿಸುವ ಭಾಗವನ್ನು ತಿದ್ದಿದ್ದರು. ತಿದ್ದುವಾಗ ಕಿಂಡಿಯೊಂದು ಉಳಿಯಿತು: ಬೇಲಿ ಸಡಿಲವಿದ್ದ ಕಡೆ, ತಾಣದ ಕೋಶದ ಹೊರಗಿದ್ದ ಕಡತಗಳಿಗೂ ಕೈ ಚಾಚಬಹುದಿತ್ತು. ಅಕ್ಟೋಬರ್ 4ರಂದು 2.4.50 ಬಂತು. ಆ ತೇಪೆಯೂ ಪೂರ್ತಿ ಮುಚ್ಚಲಿಲ್ಲ. 7ರಂದು 2.4.51 ಬರಬೇಕಾಯಿತು. ಅಪ್‌ಗ್ರೇಡ್ ಮಾಡದೆ 2.4.48ರಲ್ಲೇ ಉಳಿದವರಿಗೆ ಈ ಕಿಂಡಿಯ ಕಾಟ ಇರಲಿಲ್ಲ. ಆದರೆ 2.4.49ರಲ್ಲಿ ಮುಚ್ಚಿದ ಹಳೆಯ ತೂತುಗಳು ಅವರ ಸರ್ವರಿನಲ್ಲಿ ತೆರೆದೇ ಇದ್ದವು. ಇತ್ತ ದರಿ, ಅತ್ತ ಪುಲಿ.

ಆದ್ದರಿಂದ ಆವೃತ್ತಿಯ ಸಂಖ್ಯೆ ನೋಡಿ ವಯಸ್ಸು ಅಳೆಯಬಾರದು. ಸೆಂಟ್‌ಓಎಸ್ 7 ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿದ್ದ ಅಪಾಚೆ 2.4.6, ಅಂದರೆ 2013ರದು. 2024ರ ಜೂನ್‌ನಲ್ಲಿ ಆ ವ್ಯವಸ್ಥೆಗೆ ಬೆಂಬಲ ನಿಲ್ಲುವವರೆಗೂ ಸಂಖ್ಯೆ ಅದೇ ಉಳಿಯಿತು, ಒಳಗೆ ಮಾತ್ರ ಭದ್ರತೆಯ ಹೊಸ ತೇಪೆಗಳು ಸೇರುತ್ತಲೇ ಇದ್ದವು. ಹೊರಗಿನಿಂದ ಸಂಖ್ಯೆಯನ್ನಷ್ಟೇ ಓದುವ ಪರೀಕ್ಷಾ ಉಪಕರಣಗಳು ಅಂಥ ಸರ್ವರನ್ನು ಕಂಡು ಅಪಾಯವೆಂದು ಕೂಗುತ್ತವೆ. ಮೂಲದಿಂದ ತಾನೇ ಇಳಿಸಿಕೊಂಡು ಕಟ್ಟಿ, ಮರೆತುಬಿಟ್ಟ 2.4.6 ಬೇರೆಯೇ ಪ್ರಾಣಿ. ಸಂಖ್ಯೆ ಒಂದೇ, ಹಣೆಬರಹ ಎರಡು. ಯಾರಾದರೂ ಸಲಹೆ ಕೇಳಿದರೆ ನಾನು ಮೊದಲು ಕೇಳುವುದು ಸಂಖ್ಯೆಯನ್ನಲ್ಲ, ಈ ಪ್ಯಾಕೇಜಿಗೆ ಕೊನೆಯ ತೇಪೆ ಯಾವಾಗ ಬಂತು, ಹಾಕಿದವರು ಯಾರು ಎಂಬುದನ್ನು.

ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ತಂಡದವರು ಈ ಪ್ರಶ್ನೆಗೆ ತಾವೇ ಉತ್ತರವಾದರು. 2004ರಲ್ಲಿ ಅಪಾಚೆಯ ಪರವಾನಗಿ ಬದಲಾದದ್ದು ಅವರಿಗೆ ಹಿಡಿಸಲಿಲ್ಲ. ಹಳೆಯ ಪರವಾನಗಿಯ 1.3ನ್ನೇ ಇಟ್ಟುಕೊಂಡು, ಬೇಕಾದ ತೇಪೆಗಳನ್ನು ತಾವೇ ಹಾಕುತ್ತ ಹತ್ತು ವರ್ಷ ನಡೆಸಿದರು. 2014ರಲ್ಲಿ ಅದನ್ನು ಕಿತ್ತುಹಾಕಿ, ಅದೇ ವರ್ಷ ತಮ್ಮದೇ ಪುಟ್ಟ ಸರ್ವರೊಂದನ್ನು ಬರೆದುಕೊಂಡರು.